ವಾಪಸ್ ಬರುವ ಬಸ್ಸಿನಿಂದ ಶುರು ಮಾಡೋಣ

ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕು, ದೇವಲಾಪುರ ಹೋಬಳಿಯ ಒಂದು ಹಳ್ಳಿ. ಅರಳಿಕಟ್ಟೆ ಮೇಲೆ ಕೂತಿದ್ದ ಅಜ್ಜಿಯನ್ನು, ಆಸ್ಪತ್ರೆಗೆ ಹೇಗೆ ಹೋಗ್ತೀರಿ ಅಂತ ಕೇಳಿದೆ. "ಓಗಾಕೆ ಬಸ್ಸದೆ ಕಣವ್ವ. ಬರಾಕಿಲ್ಲ" ಅಂದರು. ರಾತ್ರಿ ಊರಲ್ಲೇ ಉಳಿಯುವ ನೈಟ್ ಹಾಲ್ಟ್ ಬಸ್ಸು ಬೆಳಿಗ್ಗೆ ಏಳಕ್ಕೆ ಹೊರಡುತ್ತದೆ. ಮತ್ತೆ ಬರುವುದು ಕತ್ತಲಾದ ಮೇಲೆ. ಬಿಪಿ ಮಾತ್ರೆ ತರಲು ಇಡೀ ದಿನ ಬೇಕು. ಆಟೋ ಮಾಡಿಕೊಂಡರೆ ಒಂದು ದಿನದ ಕೂಲಿ ಹೋಯಿತು. ಅಜ್ಜಿ ಎರಡು ತಿಂಗಳಿಂದ ಮಾತ್ರೆ ತಂದಿರಲಿಲ್ಲ.

ಮೈಸೂರಿನಲ್ಲಿ ಕೂತು ಸಾರಿಗೆ ಯೋಜನೆ ಮಾಡುವುದು ನನ್ನ ಕೆಲಸ. ನಮ್ಮ ಮುಂದೆ ಬರುವುದು ಟಿಕೆಟ್ ಲೆಕ್ಕ. ಈ ಮಾರ್ಗದಲ್ಲಿ ಮಧ್ಯಾಹ್ನ ಜನವೇ ಇಲ್ಲ ಅಂತ ಅದು ಹೇಳುತ್ತದೆ. ಇಲ್ಲದ ಬಸ್ಸಿಗೆ ಟಿಕೆಟ್ ಯಾರು ತಗೋತಾರೆ? ನಾವು ಎಣಿಸಬೇಕಾದ್ದು ಅಜ್ಜಿ ಹೋಗದೆ ಬಿಟ್ಟ ಪ್ರಯಾಣವನ್ನು. ಅದಕ್ಕೆ ಊರೂರು ತಿರುಗಿ ಕೇಳುವುದೊಂದೇ ದಾರಿ.

ಇಂಥ ಕಡೆಗೆ ಹೊಂದುವುದು ಕರೆದರೆ ಬರುವ ಬಸ್. ನಿಗದಿತ ವೇಳೆಗೆ ಖಾಲಿ ಓಡುವ ದೊಡ್ಡ ಬಸ್ಸಿನ ಬದಲು ಹನ್ನೆರಡು ಸೀಟಿನ ಸಣ್ಣ ಗಾಡಿ. ಯಾರು ಹೆಸರು ಕೊಟ್ಟಿದ್ದಾರೋ ಅವರ ಊರಿಗೆ ಮಾತ್ರ ಅದು ಹೋಗುತ್ತದೆ. ಹೇಳೋಕೆ ಸುಲಭ. ಎಡವುವುದು ಲೆಕ್ಕದಲ್ಲಿ.

ಮನೆ ಬಾಗಿಲಿಗೇ ಗಾಡಿ ಬರಲಿ ಅಂತ ಎಲ್ಲರಿಗೂ ಆಸೆ. ಹಳ್ಳಿ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗ ಅಂದುಕೊಳ್ಳಿ. ಒಬ್ಬರಿಗಾಗಿ ಒಂದು ಕಿ.ಮೀ. ಒಳಗೆ ಹೋಗಿ ಬಂದರೆ ಆರು ನಿಮಿಷ. ಚಪ್ಪಲಿ ಮೆಟ್ಟಿ, ಬಾಗಿಲು ಹಾಕಿ ಬರುವಷ್ಟರಲ್ಲಿ ಇನ್ನೆರಡು ನಿಮಿಷ. ಹೀಗೆ ನಾಲ್ಕು ಕಡೆ ಒಳಗೆ ಹೋದರೆ 32 ನಿಮಿಷ. ಮೊದಲು ಹತ್ತಿದವರು ಅಷ್ಟೂ ಹೊತ್ತು ಕುಲುಕಾಡುತ್ತಾ ಕೂತಿರಬೇಕು. ಎರಡನೇ ಸಲ ಅವರು ಹತ್ತುವುದಿಲ್ಲ. ಆದ್ದರಿಂದ ನಾನು ಹಾಲಿನ ಡೈರಿ, ಅರಳಿಕಟ್ಟೆ, ಶಾಲೆ, ಊರಿನ ದಾರಿ ಮುಖ್ಯರಸ್ತೆಗೆ ಸೇರುವ ಗೇಟು ಅಂತ ನಿಲ್ಲುವ ಜಾಗಗಳನ್ನು ಮೊದಲೇ ಗುರುತು ಮಾಡಲು ಹೇಳುತ್ತೇನೆ. ನಡೆಯಲು ಆಗದವರಿಗೆ, ಡಯಾಲಿಸಿಸ್‌ಗೆ ಹೋಗುವವರಿಗೆ ಮಾತ್ರ ಮನೆ ಬಾಗಿಲು.

ಹೆಸರು ಬರೆಸುವುದು ಎಲ್ಲಿ? ಯಾವ ಸಭೆಗೆ ಹೋದರೂ ಮೊದಲು ಬರುವ ಮಾತು, ಒಂದು ಆ್ಯಪ್ ಮಾಡಿಬಿಡೋಣ. ದೇವಲಾಪುರದ ಅಜ್ಜಿ ಹತ್ತಿರ ಇರುವುದು ಬಟನ್ ಫೋನು. ಎಚ್.ಡಿ. ಕೋಟೆ ಕಾಡಂಚಿನ ಕೆಲವು ಹಾಡಿಗಳಲ್ಲಿ, ಅಂದರೆ ಆದಿವಾಸಿಗಳ ಊರುಗಳಲ್ಲಿ, ಸಿಗ್ನಲ್ಲೇ ಸಿಗದು. ಆ್ಯಪ್ ಇರಲಿ, ಆದರೆ ಅದು ಎರಡನೇ ಬಾಗಿಲು. ಬ್ರಿಟನ್ನಿನ ವೇಲ್ಸ್‌ನಲ್ಲಿ 2020ರಲ್ಲಿ ಶುರುವಾದ, ಕರೆದರೆ ಬರುವ ಫ್ಲೆಕ್ಸಿ ಬಸ್ ಸೇವೆಯಲ್ಲೂ ಆ್ಯಪ್ ಜೊತೆಗೆ ಫೋನ್ ಬುಕಿಂಗ್ ಇಟ್ಟಿದ್ದಾರೆ. ನಮ್ಮ ಮಂಡ್ಯ ಕಡೆ ಅದಕ್ಕಿಂತ ಒಳ್ಳೆಯ ಜಾಗ ಆಗಲೇ ಇದೆ: ಹಾಲಿನ ಡೈರಿ. ದಿನಕ್ಕೆರಡು ಸಲ ಕ್ಯಾನ್ ಹಿಡಿದು ಜನ ಅಲ್ಲಿ ಸೇರುತ್ತಾರೆ. ಹೆಂಗಸರೇ ಜಾಸ್ತಿ. ಸಂಜೆ ಹಾಲು ಹಾಕುವಾಗ ನಾಳೆಯ ಪ್ರಯಾಣ ಬರೆಸಿದರೆ ಸಾಕು. ಡೈರಿಯವರು ಒಂದೇ ಫೋನ್ ಮಾಡಿ ಪಟ್ಟಿ ಓದಿ ಹೇಳುತ್ತಾರೆ. ಆ ಕೆಲಸಕ್ಕೆ ಅವರಿಗೆ ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಡಲೇಬೇಕು. ಹಸು ಇಲ್ಲದ ಮನೆಗಳನ್ನು ಮರೆಯಬಾರದು. ಕೂಲಿ ಮಾಡುವವರೇ ಅಂಥ ಮನೆಗಳಲ್ಲಿ ಹೆಚ್ಚು. ಅವರ ಹೆಸರನ್ನು ಆಶಾ ಕಾರ್ಯಕರ್ತೆ ತರಬಹುದು.

ಗಾಡಿ ಮೈಸೂರಿನವರೆಗೆ ಬರಲಿ ಅಂತ ಒತ್ತಡ ಇದ್ದೇ ಇರುತ್ತದೆ. ನನ್ನ ಪ್ರಕಾರ ಅದು ತಪ್ಪು. 11 ಜೂನ್ 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಕೆಂಪು ಬಸ್ಸಿಗೆ ಪೈಪೋಟಿ ಕೊಡುವ ಗಾಡಿಗೆ ದುಡ್ಡು ಕೊಟ್ಟು ಯಾರು ಹತ್ತುತ್ತಾರೆ? ಸಣ್ಣ ಗಾಡಿ ಹೋಬಳಿ ಆಸ್ಪತ್ರೆ, ಸಂತೆ ಮತ್ತು ಗೇಟಿನವರೆಗೆ ಓಡಲಿ. ಗೇಟಿನಲ್ಲಿ ಕೆಂಪು ಬಸ್ಸಿಗೆ ಜನರನ್ನು ಹತ್ತಿಸಲಿ. ಸರ್ಕಾರಿ ಸಾರಿಗೆ ನಿಗಮವೇ ಈ ಗಾಡಿ ಓಡಿಸಿದರೆ ಇನ್ನೂ ಒಳ್ಳೆಯದು. ಆಗ ಶಕ್ತಿಯಲ್ಲಿ ಹೆಂಗಸರಿಗೆ ಕೊಡುವ ಶೂನ್ಯ ಟಿಕೆಟ್ಟನ್ನು ಊರಿನ ಡೈರಿವರೆಗೂ ತರಲು ದಾರಿ ಸಿಗುತ್ತದೆ.

ಖಾಸಗಿಯವರು ಓಡಿಸಬೇಕೆಂದರೆ ಪರ್ಮಿಟ್ ಮಾತು ಬರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಒಬ್ಬೊಬ್ಬರಿಂದ ಬೇರೆ ಬೇರೆ ಟಿಕೆಟ್ ದುಡ್ಡು ಪಡೆಯುವ ಬಸ್ಸು ಸ್ಟೇಜ್ ಕ್ಯಾರೇಜ್. ಇಡೀ ಗಾಡಿಯನ್ನೇ ಬಾಡಿಗೆಗೆ ಕೊಡುವ ಕಾಂಟ್ರ್ಯಾಕ್ಟ್ ಕ್ಯಾರೇಜ್ ಪರ್ಮಿಟ್ಟಿನ ಗಾಡಿ ದಾರಿಯಲ್ಲಿ ಸಿಕ್ಕವರನ್ನೆಲ್ಲ ಹತ್ತಿಸಿ ಇಳಿಸುವ ಹಾಗಿಲ್ಲ. ಆದರೆ ಸ್ಟೇಜ್ ಕ್ಯಾರೇಜ್ ಪರ್ಮಿಟ್ಟನ್ನು ಮಾರ್ಗಕ್ಕೆ ಮಾತ್ರವಲ್ಲ, ಒಂದು ಪ್ರದೇಶಕ್ಕೂ ಕೊಡಲು ಅದೇ ಕಾಯ್ದೆಯಲ್ಲಿ ಅವಕಾಶ ಇದೆ. ಅರ್ಜಿ ಹಾಕುವ ಮುಂಚೆ ಅದನ್ನು ಓದಿಕೊಳ್ಳಿ.

ಖರ್ಚಿನ ಮಾತನ್ನು ಮುಚ್ಚಿಡಬಾರದು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಕುತ್ಸುಪ್ಲುಸ್ ಅಂತ ಇಂಥದ್ದೇ ಸೇವೆ 2012ರಲ್ಲಿ ಶುರುವಾಯಿತು. ಜನರಿಗೆ ಇಷ್ಟವಾಗಿತ್ತು. ಗಾಡಿಗಳು ಮಾತ್ರ ಹದಿನೈದೇ. ಖರ್ಚಿಗೆ ತಕ್ಕ ಹಾಗೆ ನಡೆಯಬೇಕಾದರೆ ಇನ್ನೂ ಎಷ್ಟೋ ಗಾಡಿ ಬೇಕಿತ್ತು. ಅಷ್ಟು ದುಡ್ಡು ಹಾಕಲು ಆಗದೆ 2015ರ ಕೊನೆಗೆ ನಿಲ್ಲಿಸಿದರು. ಅದು ದೊಡ್ಡ ನಗರ. ನಮ್ಮ ಹೋಬಳಿಯಲ್ಲಿ ಟಿಕೆಟ್ ದುಡ್ಡಿನಿಂದ ಡೀಸೆಲ್ ಖರ್ಚು ಕೂಡ ಪೂರ್ತಿ ಹುಟ್ಟಲಿಕ್ಕಿಲ್ಲ. ಇದನ್ನು ಮೊದಲ ದಿನವೇ ಹೇಳಿ, ಮೂರು ವರ್ಷದ ದುಡ್ಡು ಎತ್ತಿಟ್ಟು ಶುರು ಮಾಡಬೇಕು. ಆರು ತಿಂಗಳು ಓಡಿಸಿ ನಿಲ್ಲಿಸಿದರೆ ಜನ ಮತ್ತೆ ನಮ್ಮನ್ನು ನಂಬುವುದಿಲ್ಲ, ಅಲ್ವಾ?

ಈಗ ವಾಪಸ್ ಬರುವ ವಿಷಯ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ಬೆಳಗಿನ ಗಾಡಿ ಬುಕಿಂಗ್ ಮೇಲೆ ಓಡಲಿ. ವಾಪಸ್ ಗಾಡಿಗೆ ಮಾತ್ರ ಗಟ್ಟಿ ವೇಳೆ ಇರಲಿ: ಆಸ್ಪತ್ರೆ ಮುಂದಿನಿಂದ ಮಧ್ಯಾಹ್ನ ಒಂದೂವರೆಗೆ, ಮತ್ತೆ ನಾಲ್ಕೂವರೆಗೆ. ಡಾಕ್ಟರ್ ಎಷ್ಟು ಹೊತ್ತಿಗೆ ಬಿಡ್ತಾರೆ ಅಂತ ಹಿಂದಿನ ಸಂಜೆ ಡೈರಿಯಲ್ಲಿ ಯಾರು ಹೇಳಬಲ್ಲರು? ಎಚ್.ಡಿ. ಕೋಟೆಯ ಅಂತರಸಂತೆ ಕಡೆ ಆನೆ ರಸ್ತೆಗೆ ಬರುವ ಮುಂಚೆ ಜನ ಹಾಡಿ ಸೇರಬೇಕು. ಅಲ್ಲಿ ಕೊನೆಯ ಗಾಡಿ ಇನ್ನೂ ಮುಂಚೆ ಹೊರಡಬೇಕು.

ಡೈರಿಯಲ್ಲಿ ಇಡುವ ಪುಸ್ತಕದಲ್ಲಿ ಹೆಸರು, ಹತ್ತುವ ಜಾಗ, ಹೋಗುವ ಜಾಗ ಬರೆಯಲು ಕಾಲಂ ಇರುತ್ತದೆ. ಇನ್ನೊಂದು ಕಾಲಂ ಹಾಕಿಸಿ ಅಂತ ನಾನು ಪಟ್ಟು ಹಿಡಿಯುತ್ತೇನೆ. ಹೆಸರು ಬರೆಸಲು ಬಂದು, ಸೀಟಿಲ್ಲ ಅಥವಾ ಆ ಹೊತ್ತಿಗೆ ಗಾಡಿ ಇಲ್ಲ ಅನ್ನಿಸಿಕೊಂಡು ವಾಪಸ್ ಹೋದವರನ್ನೂ ಅಲ್ಲಿ ಬರೆಯಬೇಕು. ಯಾವ ಊರು, ಎಲ್ಲಿಗೆ, ಎಷ್ಟು ಹೊತ್ತಿಗೆ ಅಂತ. ಮೂರು ತಿಂಗಳಾದ ಮೇಲೆ ವೇಳಾಪಟ್ಟಿ ತಿದ್ದಲು ಕೂತಾಗ ನಾನು ಮೊದಲು ತೆರೆಯುವುದು ಆ ಕಾಲಮ್ಮನ್ನು.