ಮಾಲಕರೇ, ಐನೂರು ರೂಪಾಯಿಗೂ ನಿಮ್ಮನ್ನೇ ಕೇಳಬೇಕಾ?

ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ಸಣ್ಣ ವರ್ಕ್‌ಶಾಪುಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ತಿಂಗಳ 20ನೇ ತಾರೀಖು ಹತ್ತಿರ ಬಂತೆಂದರೆ ಜಿಎಸ್‌ಟಿ ರಿಟರ್ನ್‌ಗಾಗಿ ಮಾಲಕರು ಬಂದು ಕೂರುತ್ತಾರೆ. ಅಷ್ಟು ಹೊತ್ತಿನಲ್ಲಿ ಅವರ ಫೋನಿಗೆ ಬರುವ ಕರೆಗಳು ಕಿವಿಗೆ ಬಿದ್ದರೆ ಸಾಕು, ಧಂದೆ ಹೇಗೆ ನಡೆದಿದೆ ಅಂತ ಬ್ಯಾಲೆನ್ಸ್ ಶೀಟ್‌ಗಿಂತ ಬೇಗ ಗೊತ್ತಾಗುತ್ತದೆ.

“ಮಾಲಕ್ರ, ಟೆಂಪೋದವಂಗ ಬಾಡಿಗಿ ಕೊಡ್ಲೇನ್ರಿ?” “ಇನ್ಸರ್ಟ್ ಮುಗದಾವ್ರಿ, ತರ್ಲೇನ್ರಿ?” “ಹುಡುಗ ಐನೂರು ಅಡ್ವಾನ್ಸ್ ಕೇಳಾಕತ್ತಾನ್ರಿ.” ಇವೆಲ್ಲ ಹೋಗಲಿ. ನಡುವೆ ಒಂದು ಕರೆ ಹೀಗೂ ಬರುತ್ತದೆ: “ಬೋರ್ ಸೈಜ್ ಔಟ್ ಬರಾಕತ್ತೈತ್ರಿ. ಮಷೀನ್ ಬಂದ್ ಮಾಡ್ಲೋ, ಹಂಗ ಓಡಸ್ಲೋ?” ಕೊರೆಯುವ ರಂಧ್ರದ ಅಳತೆ ತಪ್ಪುತ್ತಿದೆ ಅಂತ ಅರ್ಥ. ಮಾಲಕರು “ತಡಿ, ನಾ ಬಂದ್ ನೋಡ್ತೇನಿ” ಅಂದು ಫೋನ್ ಇಡುತ್ತಾರೆ.

ಈಗ ಅಲ್ಲಿ ಎರಡರಲ್ಲಿ ಒಂದು ಆಗುತ್ತದೆ. ಇಲ್ಲವೇ ಮಷೀನ್ ಸುಮ್ನೆ ನಿಂತಿರುತ್ತದೆ, ಇಲ್ಲವೇ ಓಡುತ್ತಾ ಒಂದರ ಮೇಲೊಂದು ರಿಜೆಕ್ಷನ್ ತೆಗೆಯುತ್ತಿರುತ್ತದೆ. ಜಾಬ್‌ವರ್ಕ್‌ನಲ್ಲಿ ಕಾಸ್ಟಿಂಗ್ (ಎರಕದ ಭಾಗ) ಕೆಲಸ ಕೊಟ್ಟ ಪಾರ್ಟಿಯದು. ಕೆಟ್ಟರೆ ಮಜೂರಿ ಹೋಗುವುದಲ್ಲದೆ ಕಾಸ್ಟಿಂಗ್ ದುಡ್ಡಿಗೂ ಡೆಬಿಟ್ ನೋಟ್, ಅಂದರೆ ಅಷ್ಟು ದುಡ್ಡು ಕಡಿದ ಚೀಟಿ, ಬರುತ್ತದೆ. ಹತ್ತು ಪೀಸ್ ಮಾಡಿ ಗಳಿಸಿದ್ದು ಒಂದೇ ಪೀಸಿಗೆ ಹೋಗಿಬಿಡಬಹುದು.

ಈ ಮಾಲಕರಲ್ಲಿ ಹೆಚ್ಚಿನವರು ಒಂದು ಕಾಲಕ್ಕೆ ತಾವೇ ಲೇಥ್ ಮುಂದೆ ನಿಂತವರು. ಕಾಸ್ಟಿಂಗ್ ಮುಟ್ಟಿ ನೋಡಿದರೆ ಎಲ್ಲಿ ತಪ್ಪಿದೆ ಅಂತ ಹೇಳಬಲ್ಲರು. ಆ ಕೈಗುಣದಿಂದಲೇ ಒಂದು ಮಷೀನ್ ಮೂರಾಯಿತು. “ನಾ ಇಲ್ಲಂದ್ರ ಅಲ್ಲಿ ಏನೂ ನಡಿಯಂಗಿಲ್ರಿ ಸರ್” ಅಂತ ಹೇಳುವಾಗ ಬೇಸರದ ಜೊತೆ ಸ್ವಲ್ಪ ಹೆಮ್ಮೆಯೂ ಇರುತ್ತದೆ. ನಾಲ್ಕು ಜನರಿದ್ದಾಗ ಆ ಮಾತು ನಡೆಯುತ್ತದೆ. ಹದಿನೈದು ಜನರಾದ ಮೇಲೂ ಅದೇ ಮಾತು ಹೇಳುತ್ತಿದ್ದರೆ ಅದು ಧಂದೆಯ ರೋಗ.

ನಾಯಕತ್ವದ ಬಗ್ಗೆ ಭಾಷಣ ಕೇಳಲು ಯಾರಿಗೂ ಪುರಸೊತ್ತಿಲ್ಲ, ನನಗೂ ಅದು ಬರುವುದಿಲ್ಲ. ನಾನು ಕೇಳುವುದು ಒಂದೇ ಪ್ರಶ್ನೆ: ನಿಮ್ಮನ್ನು ಕೇಳದೆ ನಿಮ್ಮ ಸೂಪರ್‌ವೈಸರ್ ಎಷ್ಟು ರೂಪಾಯಿ ಖರ್ಚು ಮಾಡಬಹುದು? ಬಹಳ ಜನ ಇದಕ್ಕೆ ಉತ್ತರ ಹೇಳಲಾರದೆ ನಗುತ್ತಾರೆ.

ಒಂದು ಅಂಕಿ ಹೇಳಿಬಿಡಿ. ಎರಡು ಸಾವಿರ ಅನ್ನಿ. ಅವನ ಕೈಯಲ್ಲಿ ಐದು ಸಾವಿರ ಇಡಿ. ಬಾಡಿಗೆ, ಚಹಾ, ಡ್ರಿಲ್ ಬಿಟ್, ಸಣ್ಣ ಅಡ್ವಾನ್ಸ್ ಎಲ್ಲ ಅದರಲ್ಲೇ ನಡೆಯಲಿ. ಪ್ರತಿಯೊಂದಕ್ಕೂ ವೋಚರ್ ಇರಲಿ. ವೋಚರ್ ಮತ್ತು ಉಳಿದ ನಗದು ಸೇರಿ ಯಾವತ್ತೂ ಐದು ಸಾವಿರ ಆಗಬೇಕು. ಶನಿವಾರ ವೋಚರ್ ತೆಗೆದುಕೊಂಡು ಅಷ್ಟೇ ದುಡ್ಡು ತುಂಬಿ. “ದುಡ್ಡು ಹೊಡದ್ರ?” ಅಂತ ತಕ್ಷಣ ಕೇಳುತ್ತಾರೆ. ಹೊಡೆದರೆ ಐದು ಸಾವಿರ, ಅದಕ್ಕಿಂತ ಜಾಸ್ತಿ ಸಾಧ್ಯವಿಲ್ಲ, ಅದೂ ಶನಿವಾರವೇ ಗೊತ್ತಾಗುತ್ತದೆ. ಅಂದಹಾಗೆ, ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ದೊಡ್ಡ ಖರ್ಚು ಹೇಗೂ ಬ್ಯಾಂಕ್ ಮೂಲಕವೇ ಹೋಗಬೇಕು.

ಮಷೀನ್ ನಿಲ್ಲಿಸುವ ಹಕ್ಕಿಗೆ ರೂಪಾಯಿ ಲೆಕ್ಕವೂ ಬೇಡ. ಸೈಜ್ ತಪ್ಪಿದರೆ ಆಪರೇಟರ್ ತಾನೇ ನಿಲ್ಲಿಸಲಿ, ಆಮೇಲೆ ನಿಮಗೆ ಹೇಳಲಿ. ನಿಲ್ಲಿಸಿದ್ದಕ್ಕೆ ಒಮ್ಮೆ ಬೈದರೆ ಮುಗೀತು, ಮುಂದೆ ಯಾರೂ ನಿಲ್ಲಿಸುವುದಿಲ್ಲ. ಕೊಲ್ಹಾಪುರ, ಪುಣೆ ಇಲ್ಲಿಂದ ದೂರವಿಲ್ಲ. ಒಳ್ಳೆಯ ಆಪರೇಟರ್ ಪಗಾರಕ್ಕಾಗಿ ಬಿಟ್ಟು ಹೋಗುತ್ತಾನೆ, ನಿಜ. ಆದರೆ ಹತ್ತು ವರ್ಷ ದುಡಿದ ಮೇಲೂ ಸ್ಪ್ಯಾನರ್ ತರಲು ಕೇಳಿಯೇ ಹೋಗಬೇಕು ಅಂದರೆ ಅದಕ್ಕೂ ಬಿಟ್ಟು ಹೋಗುತ್ತಾನೆ.

ಇನ್ನು ವಸೂಲಿ. ಮಾಲಕರು ಮೊದಲು ಎದ್ದು ಬರಬೇಕಾದ ಕುರ್ಚಿ ಇದೇ ಅನ್ನುವುದು ನನ್ನ ಅಭಿಪ್ರಾಯ. ಉಳಿದೆಲ್ಲದರಲ್ಲಿ ಗಟ್ಟಿ ಇರುವ ಮನುಷ್ಯ ಬಾಕಿ ಕೇಳುವಾಗ ಮೆತ್ತಗಾಗುತ್ತಾನೆ. ಪಾರ್ಟಿಯ ಮಗಳ ಮದುವೆ ಊಟ ಉಂಡಿರುತ್ತಾನೆ, ಮುಂದಿನ ಆರ್ಡರ್ ಕಣ್ಣ ಮುಂದಿರುತ್ತದೆ. ಮುಲಾಜು. ಅದಕ್ಕೇ ಹೇಳುವುದು, ಆ ಫೋನ್ ನೀವು ಮಾಡಬೇಡಿ. ನಿಮ್ಮ ಅಕೌಂಟ್ಸ್ ನೋಡುವ ಹುಡುಗಿ ಪ್ರತಿ ಮಂಗಳವಾರ ಅವರ ಅಕೌಂಟ್ಸ್‌ನವರಿಗೆ ಮಾಡಲಿ. “ಬಿಲ್ ನಂಬರ್ ಇದು, ತಾರೀಖು ಇದು, ಯಾವತ್ತು ಹಾಕ್ತೀರಿ?” ಅಷ್ಟೇ. ಅವರಿಬ್ಬರ ನಡುವೆ ಮುಲಾಜಿಲ್ಲ.

ಅವಳ ಕೈಗೆ ಕಾನೂನಿನ ಬಲವೂ ಇರಲಿ. ನೀವು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರಕಾರ ಕೊಡುವ ನೋಂದಣಿ) ಇರುವ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾದರೆ, ಇಂಥ ಉದ್ಯಮಗಳಿಗಾಗಿಯೇ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಖರೀದಿದಾರರು ಮಾಲು ಒಪ್ಪಿಕೊಂಡ 45 ದಿನದೊಳಗೆ ದುಡ್ಡು ಕೊಡಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ಪರ್ಚೇಸ್ ಆರ್ಡರ್‌ನಲ್ಲಿ 90 ದಿನ ಅಂತ ಬರೆದಿದ್ದರೂ ಕಾನೂನಿನ ಲೆಕ್ಕ 45ಕ್ಕೇ ನಿಲ್ಲುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2023-24ರ ಲೆಕ್ಕದಿಂದ ಇದಕ್ಕೆ ಇನ್ನೊಂದು ಹಲ್ಲು ಬಂದಿದೆ. ಅವಧಿ ಮೀರಿ ಬಾಕಿ ಉಳಿಸಿಕೊಂಡರೆ ಆ ಖರ್ಚನ್ನು ಖರೀದಿದಾರರು ಆದಾಯ ತೆರಿಗೆಯಲ್ಲಿ ಆ ವರ್ಷ ತೋರಿಸುವಂತಿಲ್ಲ, ದುಡ್ಡು ಕೊಟ್ಟ ವರ್ಷವೇ ತೋರಿಸಬೇಕು. ಹಾಗಾಗಿ ಮಾರ್ಚ್‌ನಲ್ಲಿ ದೊಡ್ಡ ಕಂಪನಿಗಳ ಆಡಿಟರ್‌ಗಳೇ ಉದ್ಯಮ್ ಸರ್ಟಿಫಿಕೇಟ್ ಕೇಳುತ್ತಾರೆ. ಆ ನಂಬರನ್ನು ಬಿಲ್‌ನ ಮೇಲೇ ಪ್ರಿಂಟ್ ಮಾಡಿಸಿ.

ಒಂದು ಎಚ್ಚರಿಕೆ. ಇದು ತಯಾರಿಕೆ ಮತ್ತು ಸೇವೆಯವರಿಗೆ. ಇಳಕಲ್ ಸೀರೆ ನೇಯಿಸಿ ಕೊಡುವ ಮಗ್ಗದ ಮಾಲಕರಿಗೆ ಸಿಗುತ್ತದೆ, ಅದೇ ಸೀರೆ ತಂದು ಮಾರುವ ಅಂಗಡಿಯವರಿಗೆ ಸಿಗುವುದಿಲ್ಲ. ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ಕೊಡುತ್ತಾರೆ, ಆದರೆ ಅದು ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ.

ಹಾಗಂತ ನಾಳೆಯೇ ಬಾಕಿ ಬಗ್ಗೆ ಸರಕಾರಿ ಪೋರ್ಟಲ್‌ನಲ್ಲಿ ದೂರು ಹಾಕಿ ಅನ್ನುವುದಿಲ್ಲ. ಕೆಲಸದಲ್ಲಿ ಮುಕ್ಕಾಲು ಪಾಲು ಒಂದೇ ಪಾರ್ಟಿಯದಾದರೆ ಆ ದೂರು ನಿಮಗೇ ತಿರುಗಿ ಹೊಡೆಯುತ್ತದೆ. ಮೊದಲು ಎರಡನೇ, ಮೂರನೇ ಪಾರ್ಟಿ ಹುಡುಕಿ. ಅದನ್ನು ಮಾತ್ರ ಸೂಪರ್‌ವೈಸರ್ ಮಾಡಲಾರ, ನೀವೇ ಹೋಗಬೇಕು. ರೇಟ್ ಹೇಳುವುದೂ ನಿಮ್ಮ ಕೈಯಲ್ಲೇ ಇರಲಿ. ಬ್ಯಾಂಕ್ ಮ್ಯಾನೇಜರ್ ಮುಂದೆ ಕೂರುವುದೂ ಅಷ್ಟೇ, ಅದರಲ್ಲೂ ಸಿಸಿ (ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲ) ಇದ್ದವರು. 90 ದಿನ ದಾಟಿದ ಬಾಕಿಯನ್ನು ಬಹಳಷ್ಟು ಬ್ಯಾಂಕುಗಳು ಡ್ರಾಯಿಂಗ್ ಪವರ್ (ಸಿಸಿಯಿಂದ ತೆಗೆಯಬಹುದಾದ ಮಿತಿ) ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಳೇ ಬಾಕಿ ಬೆಳೆದಂತೆ ನೀವು ತೆಗೆಯಬಹುದಾದ ದುಡ್ಡು ಕಮ್ಮಿಯಾಗುತ್ತದೆ. ಮಂಗಳವಾರದ ಫೋನ್ ಬಿಟ್ಟರೆ ಅದರ ಪೆಟ್ಟು ಇಲ್ಲಿ ಬೀಳುತ್ತದೆ.

ಕೊನೆಗೆ ಮಗನ ವಿಷಯ. ಇಂಜಿನಿಯರಿಂಗ್ ಮುಗಿಸಿ ಬಂದ ಮಗನನ್ನು “ಕೆಲಸಾ ಕಲ್ಯಾಕತ್ತಾನ್ರಿ” ಅಂತ ಪರಿಚಯಿಸುತ್ತಾರೆ. ಮರುವರ್ಷವೂ ಅದೇ ಪರಿಚಯ. ಅತ್ತ ಅಪ್ಪ ಮನೆಮಂದಿಯ ಜೊತೆ ಸವದತ್ತಿ ಗುಡ್ಡಕ್ಕೆ ಹೋಗಿರುತ್ತಾರೆ, ಜಿಎಸ್‌ಟಿಯ ಓಟಿಪಿ ಅವರ ಫೋನಿಗೇ ಹೋಗುತ್ತದೆ, ಜಾತ್ರೆಯ ಗದ್ದಲದಲ್ಲಿ ಫೋನ್ ಎತ್ತುವುದಿಲ್ಲ. ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ತೆರಿಗೆ ಮೇಲೆ ವರ್ಷಕ್ಕೆ ಶೇ. 18ರಂತೆ ಬಡ್ಡಿ. ಪೋರ್ಟಲ್‌ನಲ್ಲಿ ಮಗನನ್ನೂ ಅಧಿಕೃತ ಸಹಿದಾರ ಅಂತ ಸೇರಿಸಬಹುದು. ಸೇರಿಸಿದರೆ ಓಟಿಪಿ ಅವನ ಫೋನಿಗೂ ಬರುವಂತೆ ಮಾಡಬಹುದು.

ಪ್ರೊಪ್ರೈಟರ್ ಖಾತೆ ಇದ್ದವರು ಬ್ಯಾಂಕಿನಲ್ಲೂ ಮಗನಿಗೆ ಮ್ಯಾಂಡೇಟ್, ಅಂದರೆ ಖಾತೆ ನಡೆಸುವ ಅಧಿಕಾರ, ಕೊಡಬಹುದು, ಒಂದು ಮಿತಿಯವರೆಗೆ ಮಾತ್ರ ಅಂತ ಬರೆದೇ ಕೊಡಬಹುದು. ಆಸ್ಪತ್ರೆಯಲ್ಲಿ ಮಲಗಿದ ವಾರವೂ ಪಗಾರ ನಿಲ್ಲುವುದಿಲ್ಲ. ಆದರೆ ಮ್ಯಾಂಡೇಟ್ ನೀವು ಇರುವವರೆಗೆ ಮಾತ್ರ, ಆಮೇಲಿನದಕ್ಕೆ ನಾಮಿನಿ ಬೇರೆ ಬರೆಸಬೇಕು. ಎರಡೂ ಫಾರ್ಮ್ ಬ್ಯಾಂಕಿನಲ್ಲೇ ಸಿಗುತ್ತವೆ. ಮಗನ ಆಧಾರ್, ಪ್ಯಾನ್, ಫೋಟೊ ಜೊತೆಗಿಟ್ಟುಕೊಂಡು ಹೋಗಿ. ಸಹಿಗೆ ಅವನೂ ಬೇಕಾಗುತ್ತದೆ.