ಕಂಪ್ಯೂಟರ್ ಹೆಸರು ಓದುವುದಿಲ್ಲ, ಸಂಖ್ಯೆ ಓದುತ್ತದೆ

ಬೇರೆ ಬ್ಯಾಂಕಿಗೆ ಹಣ ಕಳುಹಿಸುವ ಚಲನ್ ತುಂಬುವಾಗ ಶಿರಸಿ, ಸಿದ್ದಾಪುರದ ಕಡೆಯ ಹಿರಿಯರ ಶಿಸ್ತನ್ನು ನೋಡಬೇಕು. ಹಣ ಪಡೆಯುವವರ ಹೆಸರಿನ ಮೊದಲು ‘ಶ್ರೀ’ ಇರುತ್ತದೆ, ಜೊತೆಗೆ ತಂದೆಯ ಹೆಸರು, ಜಾಗ ಉಳಿದರೆ ಊರು, ಅಂಚೆ, ತಾಲೂಕು. ಎಲ್ಲವೂ ದುಂಡಗಿನ ಅಕ್ಷರದಲ್ಲಿ. ಖಾತೆ ಸಂಖ್ಯೆಯ ಸಾಲಿಗೆ ಬಂದಾಗ ಮಾತ್ರ ಕೈಗೆ ಅವಸರ. ಒಂದು ಅಂಕಿಯ ಮೇಲೆ ಇನ್ನೊಂದನ್ನು ತಿದ್ದಿರುತ್ತಾರೆ. ನಡುವಿನ ಸೊನ್ನೆಗಳು ನಾಲ್ಕೋ ಐದೋ ಎಂದು ಬರೆದವರಿಗೇ ಖಚಿತವಿರುವುದಿಲ್ಲ. ಕೇಳಿದರೆ, ‘ಹೆಸರು ಸರಿಯಾಗಿ ಬರೆದಿದ್ದೇನಲ್ಲ ಸಾಹೇಬರೇ’ ಎಂಬ ಉತ್ತರ.

ಹೆಸರು ಸರಿಯಿದ್ದರೆ ಸಾಲದು. ಇದನ್ನು ಕೌಂಟರಿನ ಈಚೆಯಿಂದ ಎಷ್ಟು ಸಲ ಹೇಳಿದರೂ ಜನರ ಮನಸ್ಸಿಗೆ ಇಳಿಯುತ್ತಿಲ್ಲ. ಓದುಬರಹ ಬಾರದವರ ಮಾತು ಹೇಳುತ್ತಿಲ್ಲ, ಅವರು ಪಾಸ್‌ಬುಕ್ಕನ್ನೇ ಹಿಡಿದು ತರುತ್ತಾರೆ. ಓದಿದವರೇ ಎಡವುತ್ತಾರೆ.

ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳುಹಿಸುವ ವ್ಯವಸ್ಥೆ ನೆಫ್ಟ್ ಆಗಲಿ, ದೊಡ್ಡ ಮೊತ್ತಕ್ಕೆ ಬಳಸುವ ಆರ್‌ಟಿಜಿಎಸ್ ಆಗಲಿ, ನೀವು ಕಳುಹಿಸಿದ ಹಣ ಆಚೆಯ ಬ್ಯಾಂಕಿಗೆ ತಲುಪಿದ ಮೇಲೆ ಅಲ್ಲಿನ ಕಂಪ್ಯೂಟರ್ ಖಾತೆ ಸಂಖ್ಯೆಯನ್ನು ಹುಡುಕುತ್ತದೆ, ಸಿಕ್ಕರೆ ಜಮಾ ಮಾಡುತ್ತದೆ. ಹೆಸರನ್ನು ತಾಳೆ ನೋಡಿಯೇ ಜಮಾ ಮಾಡಬೇಕೆಂಬ ನಿಯಮವಿಲ್ಲ. ಜಮಾ ಆಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆ ಮಾತ್ರ, ಸರಿಯಾದ ಸಂಖ್ಯೆ ಕೊಡುವ ಹೊಣೆ ಕಳುಹಿಸುವವರದು ಎಂಬುದನ್ನು ಗ್ರಾಹಕರಿಗೆ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆ. ಹಣ ಕಳುಹಿಸುವ ಪರದೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ಅದು ಇರುತ್ತದೆ. ಯಾರೂ ಓದುವುದಿಲ್ಲ.

ಹೆಸರನ್ನು ನಂಬಿದರೆ ಏನಾಗುತ್ತದೆ ಎಂದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ತಾಲೂಕಿನಲ್ಲಿ ಎಷ್ಟು ಗಣಪತಿ ಹೆಗಡೆಯವರು, ಎಷ್ಟು ಮಹಾಬಲೇಶ್ವರ ಭಟ್ಟರು, ಎಷ್ಟು ಮಂಜುನಾಥ ನಾಯ್ಕರು! ಅದೇ ನಾಯ್ಕ ಎಂಬುದನ್ನು ಇಂಗ್ಲಿಷಿನಲ್ಲಿ ಅಣ್ಣ ಒಂದು ಬಗೆ ಬರೆದರೆ ತಮ್ಮ ಇನ್ನೊಂದು ಬಗೆ ಬರೆಯುತ್ತಾನೆ. ಆಧಾರ್ ಕಾರ್ಡಿನಲ್ಲಿ ಮೂರನೆಯ ಬಗೆ. ಬರೀ ಹೆಸರು, ಊರು ಬರೆದ ಕಾಗದವನ್ನೂ ನಮ್ಮ ಹಳ್ಳಿಯ ಅಂಚೆಯಣ್ಣ ಸರಿಯಾದ ಮನೆಗೇ ಮುಟ್ಟಿಸುತ್ತಾನೆ, ಏಕೆಂದರೆ ಅವನಿಗೆ ಮನೆ ಗೊತ್ತು, ಮನುಷ್ಯರು ಗೊತ್ತು. ಬ್ಯಾಂಕಿನ ಕಂಪ್ಯೂಟರಿಗೆ ಇವೆರಡೂ ಗೊತ್ತಿಲ್ಲ.

ಇನ್ನು ಜನರು ಗಾಬರಿಯಾಗುವುದು ಐಎಫ್‌ಎಸ್‌ಸಿ ಬಗ್ಗೆ, ಅಂದರೆ ಬ್ಯಾಂಕು ಮತ್ತು ಶಾಖೆಯನ್ನು ಗುರುತಿಸುವ ಸಂಕೇತದ ಬಗ್ಗೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಕಾರ್ಪೊರೇಷನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿಗೆ ಸೇರಿತು. ಕರಾವಳಿಯ ಮನೆಗಳಲ್ಲಿ ಆ ಹಳೆಯ ಪಾಸ್‌ಬುಕ್ಕುಗಳು ಇನ್ನೂ ಇವೆ. ಹಳೆಯ ಸಂಕೇತ ಹಾಕಿದರೆ ವ್ಯವಹಾರವೇ ಮುಂದೆ ಹೋಗುವುದಿಲ್ಲ, ಅಥವಾ ಹಣ ಹಿಂದಕ್ಕೆ ಬರುತ್ತದೆ. ಅದೇ ಬ್ಯಾಂಕಿನ ಬೇರೆ ಶಾಖೆಯ ಸಂಕೇತ ಬಿದ್ದರೆ ಸಾಮಾನ್ಯವಾಗಿ ಹಣ ಸರಿಯಾದ ಖಾತೆಗೇ ಹೋಗುತ್ತದೆ. ಇದಕ್ಕೆ ಫೋನ್ ಮೇಲೆ ಫೋನ್ ಮಾಡುವವರು ಖಾತೆ ಸಂಖ್ಯೆಯನ್ನು ಎರಡನೆಯ ಸಲ ನೋಡಿರುವುದಿಲ್ಲ.

ಸಂಖ್ಯೆ ತಪ್ಪಿದರೆ ಎರಡು ದಾರಿ. ಆ ಸಂಖ್ಯೆಯ ಖಾತೆ ಎಲ್ಲೂ ಇಲ್ಲದಿದ್ದರೆ ನೀವು ಪುಣ್ಯವಂತರು. ನೆಫ್ಟ್‌ನಲ್ಲಿ ವ್ಯವಹಾರಗಳನ್ನು ಒಟ್ಟುಗೂಡಿಸಿ ಅರ್ಧ ಗಂಟೆಗೊಮ್ಮೆ ಇತ್ಯರ್ಥ ಮಾಡುತ್ತಾರೆ. ಅದಾದ ಎರಡು ಗಂಟೆಯೊಳಗೆ ಆಚೆಯ ಬ್ಯಾಂಕು ಹಣವನ್ನು ಜಮಾ ಮಾಡಬೇಕು, ಇಲ್ಲವೇ ಹಿಂದಿರುಗಿಸಬೇಕು. ತಡ ಮಾಡಿದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರಕ್ಕೆ ಶೇ 2 ಸೇರಿಸಿ ಬಡ್ಡಿ ಕೊಡಬೇಕು. ಆದರೆ ಆ ಸಂಖ್ಯೆ ಜೀವಂತ ಖಾತೆಯೊಂದರದ್ದಾಗಿದ್ದರೆ ಹಣ ಯಾರದೋ ಮನೆ ಸೇರಿತು.

ಹಾಗಾಗಿ ನನಗೆ ಹೆಚ್ಚು ಹೆದರಿಕೆ ಮೊಬೈಲಿನಲ್ಲಿ ಉಳಿಸಿಟ್ಟ ಹೆಸರುಗಳ ಪಟ್ಟಿಯದು. ಅಲ್ಲಿರುವ ಸಂಖ್ಯೆಗಳೆಲ್ಲ ನಿಜವಾದ ಖಾತೆಗಳವೇ. ಶಿರಸಿ ಹತ್ತಿರದ ಅಡಿಕೆ ಬೆಳೆಗಾರರೊಬ್ಬರು ಕೊನೆಕೊಯ್ಲು ಮುಗಿದ ಮೇಲೆ, ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಗೆ ಲೆಕ್ಕ ಚುಕ್ತಾ ಮಾಡಲು ನಲವತ್ತು ಸಾವಿರ ಕಳುಹಿಸಿದರು. ಪಟ್ಟಿಯಲ್ಲಿ ಮಂಜುನಾಥ ಗೌಡ ಎಂಬ ಹೆಸರು ಎರಡಿತ್ತು. ಒಬ್ಬ ಕೊನೆಗೌಡ, ಇನ್ನೊಬ್ಬ ಹಿಂದೊಮ್ಮೆ ಅವರಿಗೆ ಹಳೆಯ ಪಂಪ್‌ಸೆಟ್ ಮಾರಿದ ಕುಮಟಾದ ಮನುಷ್ಯ. ಹಣ ಕುಮಟಾಕ್ಕೆ ಹೋಯಿತು. ಕೊನೆಗೌಡ ಮೂರು ದಿನ ಕಾದು, ನಾಲ್ಕನೆಯ ದಿನ ಸಂಕೋಚದಿಂದಲೇ ಮನೆಬಾಗಿಲಿಗೆ ಬಂದಾಗ ಯಜಮಾನರಿಗೆ ವಿಷಯ ತಿಳಿಯಿತು. ಶಾಖೆಗೆ ಬಂದವರೇ ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟು, ‘ನೋಡಿ, ಹೆಸರು ಸರಿಯಾಗಿಯೇ ಇದೆ’ ಎಂದರು. ನಿಜ, ಸರಿಯಾಗಿಯೇ ಇತ್ತು. ಕುಮಟಾದವರು ಒಳ್ಳೆಯವರು, ಹಣ ಹಿಂದಕ್ಕೆ ಬಂತು. ಎಲ್ಲ ಸಲವೂ ಹಾಗಾಗುವುದಿಲ್ಲ. ಆ ಖಾತೆಯಲ್ಲಿ ಸಾಲದ ಕಂತು ಬಾಕಿ ಇದ್ದರೆ ಬಂದ ಹಣ ಅದಕ್ಕೇ ವಜಾ ಆಗಿಬಿಡುವುದೂ ಉಂಟು. ಪಟ್ಟಿಯಲ್ಲಿ ಉಳಿಸುವಾಗಲೇ ‘ಮಂಜುನಾಥ ಕೊನೆಗೌಡ’, ‘ಮಂಜುನಾಥ ಪಂಪ್ ಕುಮಟಾ’ ಎಂದು ಬರೆದಿಡಿ. ಆ ಜಾಗದಲ್ಲಿ ನಿಮಗೆ ತಿಳಿಯುವಂಥ ಅಡ್ಡಹೆಸರು ಹಾಕಲು ಹೆಚ್ಚಿನ ಆ್ಯಪ್‌ಗಳಲ್ಲಿ ಅವಕಾಶವಿದೆ.

ಕಾರವಾರದಲ್ಲಿ ಇದಕ್ಕೆ ಬೇರೆಯದೇ ಒಂದು ಮುಖವಿದೆ. 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲಿದ್ದ ಊರು. ಮರಾಠಿಯಲ್ಲಿ ಕಲಿತ ಹಿರಿಯರು ಸದಾಶಿವಗಡದ ಕಡೆ ಈಗಲೂ ಸಿಗುತ್ತಾರೆ. ಅವರು ಚೀಟಿಯಲ್ಲಿ ಅಂಕಿ ಬರೆಯುವುದು ದೇವನಾಗರಿಯಲ್ಲಿ. ದೇವನಾಗರಿಯ ಒಂದು ನೋಡಲು ಥೇಟ್ ಇಂಗ್ಲಿಷಿನ ಒಂಬತ್ತು. ಮೊಮ್ಮಗ ಅದನ್ನು ಒಂಬತ್ತೆಂದೇ ಓದಿ ಮೊಬೈಲಿನಲ್ಲಿ ಒತ್ತುತ್ತಾನೆ. ಅಜ್ಜನದೂ ತಪ್ಪಲ್ಲ, ಮೊಮ್ಮಗನದೂ ತಪ್ಪಲ್ಲ. ಕೈಬರಹದ ಚೀಟಿಯಿಂದ ಸಂಖ್ಯೆ ತೆಗೆದುಕೊಳ್ಳಲೇಬೇಡಿ. ಪಾಸ್‌ಬುಕ್ಕಿನ ಮೊದಲ ಪುಟವನ್ನೋ ಚೆಕ್ಕನ್ನೋ ನೋಡಿ, ಒಬ್ಬರು ಓದಿ ಇನ್ನೊಬ್ಬರು ಒತ್ತಲಿ. ಸ್ಟೇಟ್ ಬ್ಯಾಂಕಿನ ಖಾತೆಗೆ 11 ಅಂಕಿ, ಯೂನಿಯನ್ ಬ್ಯಾಂಕಿನದಕ್ಕೆ 15. ಒಟ್ಟು ಎಷ್ಟು ಅಂಕಿ ಎಂದು ಎಣಿಸಿದರೂ ಅರ್ಧ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಈಗ ಒಂದು ಒಳ್ಳೆಯ ಅನುಕೂಲ ಬಂದಿದೆ. ನೆಫ್ಟ್ ಮತ್ತು ಆರ್‌ಟಿಜಿಎಸ್‌ನಲ್ಲಿ ಹಣ ಕಳುಹಿಸುವ ಮೊದಲೇ ಆ ಖಾತೆ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ವ್ಯವಸ್ಥೆಯನ್ನು 2025ರ ಏಪ್ರಿಲ್ 1ರೊಳಗೆ ಜಾರಿಗೆ ತರಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತು. ಶುಲ್ಕವಿಲ್ಲ, ಶಾಖೆಗೆ ಬಂದವರಿಗೂ ಇದನ್ನು ಒದಗಿಸಬೇಕು. ದಯವಿಟ್ಟು ಕೇಳಿ ಪಡೆಯಿರಿ. ಹೆಸರು ಪರದೆಯ ಮೇಲೆ ಬಂದಾಗ ಓದದೆಯೇ ‘ಮುಂದೆ’ ಒತ್ತುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ಆದರೂ ಹೆಸರೊಂದನ್ನೇ ನೆಚ್ಚಬೇಡಿ, ಕುಮಟಾದ ಮಂಜುನಾಥ ಗೌಡರನ್ನು ನೆನಪಿಡಿ. ದೊಡ್ಡ ಮೊತ್ತವಾದರೆ ಮೊದಲು ಒಂದು ರೂಪಾಯಿ ಕಳುಹಿಸಿ, ಮುಟ್ಟಿತೇ ಎಂದು ಅವರಿಗೇ ಫೋನ್ ಮಾಡಿ ಕೇಳಿ, ಆಮೇಲೆ ಉಳಿದದ್ದು. ಆರ್‌ಟಿಜಿಎಸ್‌ನಲ್ಲಿ ಕನಿಷ್ಠ ಮೊತ್ತವೇ ಎರಡು ಲಕ್ಷವಾದ್ದರಿಂದ ಆ ಒಂದು ರೂಪಾಯಿಯನ್ನು ನೆಫ್ಟ್‌ನಲ್ಲಿ ಕಳುಹಿಸಬೇಕಾಗುತ್ತದೆ.

ತಪ್ಪಿ ಹೋಗಿಯೇಬಿಟ್ಟಿದ್ದರೆ ಅದೇ ದಿನ ನಿಮ್ಮ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ, ಆ ವ್ಯವಹಾರದ ಗುರುತಿನ ಸಂಖ್ಯೆಯಾದ ಯುಟಿಆರ್ ನಮೂದಿಸಿ, ಸ್ವೀಕೃತಿ ಪಡೆಯಿರಿ. ನಮ್ಮ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಆಚೆಯ ಬ್ಯಾಂಕಿಗೆ ಬರೆಯಬಲ್ಲೆವು, ಅವರ ಗ್ರಾಹಕರ ಖಾತೆಗೆ ಕೈಹಾಕಲಾರೆವು. ಸಾಮಾನ್ಯವಾಗಿ ಖಾತೆದಾರರ ಒಪ್ಪಿಗೆ ಸಿಕ್ಕ ಮೇಲೆಯೇ ಹಣ ಹಿಂದಿರುಗುತ್ತದೆ. ಅವರು ಒಪ್ಪದಿದ್ದರೆ ಪೊಲೀಸ್ ದೂರು, ವಕೀಲರ ಸಲಹೆ. ಆ ದಾರಿ ದೀರ್ಘ.

ನಿಮ್ಮ ಖಾತೆಗೇ ಯಾರದೋ ಹಣ ಬಂದರೆ ಖರ್ಚು ಮಾಡಬೇಡಿ. ಅದು ನಿಮ್ಮದಲ್ಲ ಎಂದು ಗೊತ್ತಿದ್ದೂ ಇಟ್ಟುಕೊಂಡರೆ ಅಪರಾಧವಾಗಬಹುದು. ಹಾಗೆಯೇ, ‘ಅಣ್ಣಾ, ತಪ್ಪಿ ಬಂದಿದೆ, ಈ ನಂಬರಿಗೆ ವಾಪಸ್ ಹಾಕಿ’ ಎಂದು ಯಾರೋ ಫೋನಿನಲ್ಲಿ ಅಂಗಲಾಚಿದ ಮಾತ್ರಕ್ಕೆ ನೀವಾಗಿಯೇ ಕಳುಹಿಸಲೂ ಹೋಗಬೇಡಿ. ಆ ಹೆಸರಿನಲ್ಲಿ ಮೋಸ ಮಾಡುವವರೂ ಇದ್ದಾರೆ. ನಿಮ್ಮ ಶಾಖೆಗೆ ಬಂದು ಪತ್ರ ಬರೆದುಕೊಡಿ, ಹಣ ಬಂದ ದಾರಿಯಲ್ಲೇ ಬ್ಯಾಂಕು ಅದನ್ನು ಹಿಂದಕ್ಕೆ ಕಳುಹಿಸುತ್ತದೆ.