ಕೇಪಿನ ರಿವಾಲ್ವರ್‌ನ ನಕಲುಗಳು: ಕೊಳ್ಳುವ ಮೊದಲು ತಿಳಿದಿರಬೇಕಾದ ಹಿನ್ನೆಲೆ

ಅಮೆರಿಕದ ಕೋವಿ ಅಂಗಡಿಗಳಲ್ಲಿ ಕರಿಮದ್ದಿನ ರಿವಾಲ್ವರ್ ಕೇಳಿದರೆ ಅತಿ ಅಗ್ಗದ್ದಾಗಿ ಮುಂದಿಡುವುದು ಸಾಮಾನ್ಯವಾಗಿ ಹಿತ್ತಾಳೆ ಫ್ರೇಮಿನ, .44 ಕ್ಯಾಲಿಬರಿನ (ಇಂಚಿನಲ್ಲಿ ನಳಿಗೆಯ ತೂತಿನ ಅಳತೆ) '1851 ನೇವಿ'. ಅಂಥದ್ದೊಂದನ್ನು ಅಸಲಿ ನೇವಿಯ ತಯಾರಕ ಸ್ಯಾಮ್ಯುಯೆಲ್ ಕೋಲ್ಟ್ ತನ್ನ ಜನ್ಮದಲ್ಲಿ ಮಾಡಲಿಲ್ಲ. ಅವನ ನೇವಿ .36ರದು, ಅದರ ಫ್ರೇಮು ಕಬ್ಬಿಣದ್ದು. ಪಕ್ಕದಲ್ಲೇ ಇರುವ '1858 ರೆಮಿಂಗ್ಟನ್' ಕೂಡ 1858ರದಲ್ಲ. ನಳಿಗೆಯ ಮೇಲೆ ಒತ್ತಿರುವ 1858ರ ಸೆಪ್ಟೆಂಬರ್ 14 ಎಂಬುದು ಫೋರ್ಡೈಸ್ ಬೀಲ್ಸ್ ಪಡೆದ ಪೇಟೆಂಟಿನ ತಾರೀಖು. ನಕಲಿಗೆ ಮಾದರಿಯಾದ ನ್ಯೂ ಮಾಡೆಲ್ ಆರ್ಮಿ ತಯಾರಾಗತೊಡಗಿದ್ದು 1863ರಲ್ಲಿ. ಈ ಎಡವಟ್ಟುಗಳಿಗೆಲ್ಲ ಕಾರಣ ಹತ್ತೊಂಬತ್ತನೇ ಶತಮಾನದ ಯುದ್ಧಕ್ಕಿಂತ ಹೆಚ್ಚಾಗಿ 1950ರಿಂದ 70ರವರೆಗಿನ ವ್ಯಾಪಾರದಲ್ಲಿದೆ. ಆ ವ್ಯಾಪಾರದ ಕತೆ ಗೊತ್ತಿದ್ದವರು ಕೊಳ್ಳುವಾಗ ಮೋಸ ಹೋಗುವುದು ಕಡಿಮೆ.

ಮಲೆನಾಡು, ಕೊಡಗಿನವರಿಗೆ ಕೇಪಿನ ಕೋವಿ ಹೊಸದಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಗಜದಿಂದ ಜಡಿದು, ಹಿಂದಿನ ಮೊಲೆಯ ಮೇಲೆ ತಾಮ್ರದ ಕೇಪು (ಬಡಿದರೆ ಕಿಡಿ ಕಾರಿ ಮದ್ದು ಹೊತ್ತಿಸುವ ಪುಟ್ಟ ಟೋಪಿ) ಕೂರಿಸಿ, ಅದಕ್ಕೆ ಬಡಿಯುವ ಕುದುರೆ ಎತ್ತಿ ಹೊಡೆಯುವುದು. ಕೇಪಿನ ರಿವಾಲ್ವರಿನದೂ ಅದೇ ತತ್ವ. ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಆರು ಕೋಣೆ, ಒಂದೊಂದಕ್ಕೂ ಒಂದು ನಿಪ್ಪಲ್, ಅಂದರೆ ಕೇಪು ಕೂರುವ ಮೊಲೆ. ಮದ್ದು ಮತ್ತು ಸೀಸದ ಗುಂಡನ್ನು ಮುಂದಿನಿಂದ ತುಂಬಿ ನಳಿಗೆಯ ಕೆಳಗಿನ ಸನ್ನೆಯಿಂದ ಒತ್ತುತ್ತಾರೆ. ಕೋಲ್ಟ್ ತನ್ನ ರಿವಾಲ್ವರಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1836ರ ಫೆಬ್ರವರಿ 25ರಂದು. ನ್ಯೂಜೆರ್ಸಿಯ ಪ್ಯಾಟರ್ಸನ್‌ನಲ್ಲಿದ್ದ ಅವನ ಮೊದಲ ಕಾರ್ಖಾನೆ ಮುಳುಗಿತು. 1847ರ ವಾಕರ್ ಅವನನ್ನು ಎತ್ತಿ ನಿಲ್ಲಿಸಿತು. ಎರಡು ಕಿಲೋ ತೂಗುವ, ಕೋಣೆಯೊಂದಕ್ಕೆ 60 ಗ್ರೇನ್ (ಸುಮಾರು 4 ಗ್ರಾಂ) ಮದ್ದು ಹಿಡಿಯುವ ಗಜಗಾತ್ರದ ರಿವಾಲ್ವರ್ ಅದು. ಆಮೇಲೆ 1851ರ ನೇವಿ, 1860ರ ಆರ್ಮಿ ಲಕ್ಷಗಟ್ಟಲೆ ತಯಾರಾದವು. ಹಿತ್ತಾಳೆ ಫ್ರೇಮು ಬಂದದ್ದು ಅಮೆರಿಕದ ಅಂತರ್ಯುದ್ಧದಲ್ಲಿ (1861-65) ಉತ್ತರದ ವಿರುದ್ಧ ಕಾದಿದ ದಕ್ಷಿಣದ ಒಕ್ಕೂಟದ ಕಡೆಯಿಂದ. ಕಬ್ಬಿಣ, ಉಕ್ಕಿಗೆ ಬರವಿದ್ದ ಕಾಲದಲ್ಲಿ ಜಾರ್ಜಿಯಾದ ಗ್ರಿಸ್ವೋಲ್ಡ್ ಆಂಡ್ ಗನಿಸನ್ ಕೋಲ್ಟ್ ನೇವಿಯ ನಕಲನ್ನು ಹಿತ್ತಾಳೆಯಂಥ ಲೋಹದ ಫ್ರೇಮಿನಲ್ಲಿ ಮಾಡಿತು. ಸುಮಾರು 3,600 ಆಗುವಷ್ಟರಲ್ಲಿ, 1864ರ ನವೆಂಬರಿನಲ್ಲಿ, ಉತ್ತರದ ಅಶ್ವದಳ ಆ ಕಾರ್ಖಾನೆಯನ್ನು ಸುಟ್ಟಿತು. ಅವೂ .36ರವೇ.

ಹಿಂದಿನಿಂದ ತೋಟಾ ತುಂಬುವ ಸಿಲಿಂಡರಿನ ಮೇಲೆ ರೋಲಿನ್ ವೈಟ್‌ನ ಪೇಟೆಂಟ್ ಇತ್ತು. 1869ರಲ್ಲಿ ಅದು ಮುಗಿಯಿತು, 1873ರಲ್ಲಿ ಕೋಲ್ಟ್ ತೋಟಾ ರಿವಾಲ್ವರ್ ತಂದಿತು, ಕೇಪಿನವು ಮೂಲೆ ಸೇರಿದವು.

ಅವಕ್ಕೆ ಮತ್ತೆ ಬೇಡಿಕೆ ಬಂದದ್ದು ಗುರಿಗಾರರಿಂದ. ಹಳೆಯ ಕೋವಿಗಳಲ್ಲಿ ಸ್ಪರ್ಧೆ ನಡೆಸುವ ನಾರ್ತ್-ಸೌತ್ ಸ್ಕರ್ಮಿಶ್ ಅಸೋಸಿಯೇಷನ್ 1950ರಲ್ಲಿ ಹುಟ್ಟಿತು. ಅಸಲಿ ಕೋವಿಗಳ ಬೆಲೆ ಏರುತ್ತಿತ್ತು, ನೂರು ವರ್ಷದ ಉಕ್ಕನ್ನು ನಂಬಿ ಹೊಡೆಯುವುದೂ ಸುಲಭವಿರಲಿಲ್ಲ. 1961ರಿಂದ 1965ರವರೆಗೆ ಅಂತರ್ಯುದ್ಧದ ಶತಮಾನೋತ್ಸವ ಎದುರಿಗಿತ್ತು. ನೇವಿ ಆರ್ಮ್ಸ್ ಸಂಸ್ಥೆಯ ವಾಲ್ ಫೋರ್ಗೆಟ್ 1950ರ ದಶಕದ ಕೊನೆಗೆ ಇಟಲಿಯ ಬ್ರೆಶಾ ಪ್ರಾಂತ್ಯದ ಗಾರ್ಡೋನೆ ವಾಲ್ ತ್ರೋಂಪಿಯಾಕ್ಕೆ ಹೋದದ್ದು ಈ ಲೆಕ್ಕದಲ್ಲೇ. ಶತಮಾನಗಳಿಂದ ಕೋವಿ ಕೆಲಸವೇ ಕಸುಬಾಗಿದ್ದ ಊರು ಅದು. ಗ್ರೆಗೊರೆಲ್ಲಿ ಮತ್ತು ಆಲ್ಡೋ ಉಬೆರ್ತಿ ಅಲ್ಲಿ ಕೋಲ್ಟ್ ನೇವಿಯ ನಕಲು ಮಾಡಿಕೊಟ್ಟರು. ಉಬೆರ್ತಿ 1959ರಲ್ಲಿ ತನ್ನದೇ ಕಂಪನಿ ತೆರೆದ, 1960ರಲ್ಲಿ ಪಿಯೆಟ್ಟಾ ಬಂತು. ಇವತ್ತು ಮಾರುಕಟ್ಟೆಯ ಬಹುಪಾಲು ಈ ಎರಡು ಹೆಸರುಗಳದ್ದು. ಹಿತ್ತಾಳೆ ಫ್ರೇಮನ್ನು ಎರಕ ಹೊಯ್ದು ನಯ ಮಾಡುವುದು ಅಗ್ಗ, .44 ಎಂದರೆ ಗಿರಾಕಿಗೆ ಹೆಚ್ಚು ಇಷ್ಟ. ಚರಿತ್ರೆಯಲ್ಲಿ ಇಲ್ಲದ ರಿವಾಲ್ವರ್ ಹುಟ್ಟಿದ್ದು ಈ ಎರಡು ಕಾರಣಕ್ಕೆ.

ವ್ಯಾಪಾರಕ್ಕೆ ದೊಡ್ಡ ತಿರುವು ಕೊಟ್ಟದ್ದು 1968ರ ಗನ್ ಕಂಟ್ರೋಲ್ ಆಕ್ಟ್. ಕೆನಡಿಯನ್ನು ಕೊಂದ ರೈಫಲ್ ಅಂಚೆಯಲ್ಲಿ ತರಿಸಿದ್ದು, 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಇಬ್ಬರ ಕೊಲೆಯೂ ಆಯಿತು. ಅಂಚೆಯಲ್ಲಿ ಬಂದೂಕು ಮಾರುವುದನ್ನು ತಡೆಯುವ ಈ ಕಾನೂನಿಗೆ ಅಕ್ಟೋಬರ್ 22ರಂದು ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು. ಅದರಲ್ಲಿ 'ಪುರಾತನ ಬಂದೂಕು' ಎಂಬ ವಿನಾಯಿತಿ ಇತ್ತು: 1898 ಅಥವಾ ಅದಕ್ಕೂ ಹಿಂದೆ ತಯಾರಾದವು, ಮತ್ತು ಸಾಮಾನ್ಯ ತೋಟಾ ಬಳಸದ ಅವುಗಳ ನಕಲುಗಳು. ಹೀಗಾಗಿ ಕೇಪಿನ ರಿವಾಲ್ವರ್ ಫೆಡರಲ್ ಕಾನೂನಿನ ಲೆಕ್ಕಕ್ಕೆ ಬಂದೂಕೇ ಅಲ್ಲವೆಂದಾಯಿತು, ಅಂಚೆ ವ್ಯಾಪಾರ ಮುಂದುವರಿಯಿತು. 1971ರಲ್ಲಿ ಸ್ವತಃ ಕೋಲ್ಟ್ ಕಂಪನಿಯೇ ಇಟಲಿಯ ಒರಟು ಭಾಗಗಳನ್ನು ತರಿಸಿ, ನಯಗೊಳಿಸಿ, ತನ್ನ ಹೆಸರಿನಲ್ಲಿ ನೇವಿ ಮಾರತೊಡಗಿತು. 1972ರಲ್ಲಿ ರೂಗರ್ ಸುರುಳಿ ಸ್ಪ್ರಿಂಗಿನ ಓಲ್ಡ್ ಆರ್ಮಿ ತಂದಿತು. ಯಾವ ಹಳೆಯ ಮಾದರಿಯ ಪ್ರತಿಯೂ ಅಲ್ಲದ, ಆದರೆ ಗಟ್ಟಿತನದಲ್ಲಿ ಎಲ್ಲವನ್ನೂ ಮೀರಿಸಿದ ರಿವಾಲ್ವರ್ ಅದು. 2008ರಲ್ಲಿ ತಯಾರಿಕೆ ನಿಂತ ಮೇಲೂ ಸೆಕೆಂಡ್ ಹ್ಯಾಂಡಿನಲ್ಲಿ ಅದನ್ನು ಹುಡುಕುವವರಿದ್ದಾರೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಓದಬೇಕಾದ್ದು ಗಾರ್ಡೋನೆಯ ಪರೀಕ್ಷಾಲಯದ ಮುದ್ರೆಗಳನ್ನು. ನಕ್ಷತ್ರದ ಕೆಳಗೆ ಪಿಎನ್ ಎಂಬ ಅಕ್ಷರವಿದ್ದರೆ ಕರಿಮದ್ದಿನಲ್ಲಿ ಪರೀಕ್ಷೆಯಾಗಿದೆ ಎಂದರ್ಥ. ಪಕ್ಕದ ಚಿಕ್ಕ ಚೌಕದಲ್ಲಿ ವರ್ಷದ ಗುರುತು. 1974ರವರೆಗೆ ರೋಮನ್ ಅಂಕಿ (ಆ ವರ್ಷಕ್ಕೆ ಮೂವತ್ತು), 1975ಕ್ಕೆ ಎಎ, 1990ಕ್ಕೆ ಎಝಡ್, 1991ಕ್ಕೆ ಬಿಎ. ಬಾಗಿಲು ಮುಚ್ಚಿದ ಕಾರ್ಖಾನೆಯ ಹಳೆಯ ಪೀಸಾದರೆ ಬೋಲ್ಟು (ಸಿಲಿಂಡರನ್ನು ಹಿಡಿದು ನಿಲ್ಲಿಸುವ ಕೊಂಡಿ), ಹ್ಯಾಂಡು (ಸಿಲಿಂಡರನ್ನು ತಿರುಗಿಸುವ ಕಡ್ಡಿ), ಸ್ಪ್ರಿಂಗು ಹೊಂದಿಸಲು ಪರದಾಡಬೇಕಾಗುತ್ತದೆ. ಮುದ್ರೆ ಇರಬೇಕಾದ ಜಾಗ ಉಜ್ಜಿದಂತೆ ತಗ್ಗಾಗಿದ್ದು, ಲೋಹಕ್ಕೆ ಆಮ್ಲ ಹಚ್ಚಿ ಹಳತು ಮಾಡಿದ್ದರೆ, ಇಟಲಿಯ ನಕಲನ್ನು ಅಂತರ್ಯುದ್ಧದ ಅಸಲಿಯೆಂದು ಮಾರುತ್ತಿದ್ದಾರೆಂದು ಅನುಮಾನಿಸಿ. ನಿಪ್ಪಲಿನ ಮರೆ (ತಿರುಪಿನ ಸುತ್ತುಗೆರೆ) ಮಿಲಿಮೀಟರ್ ಅಳತೆಯದಾದರೆ ಅನುಮಾನ ಇನ್ನೂ ಗಟ್ಟಿ.

ಆಮೇಲೆ ಯಂತ್ರದ ಪರೀಕ್ಷೆ. ಮದ್ದು, ಗುಂಡು, ಕೇಪು ಯಾವ ಕೋಣೆಯಲ್ಲೂ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಕುದುರೆಯನ್ನು ಅರ್ಧ ಎತ್ತಿ. ಸಿಲಿಂಡರ್ ಸರಾಗವಾಗಿ ತಿರುಗಬೇಕು, ಟ್ರಿಗರ್ ಒತ್ತಿದರೂ ಕುದುರೆ ಬೀಳಕೂಡದು. ಸಿಲಿಂಡರಿನ ಮೇಲೆ ಬೆರಳಿನ ಹಗುರವಾದ ತಡೆ ಇಟ್ಟು ನಿಧಾನವಾಗಿ ಪೂರ್ತಿ ಎತ್ತಿ. ಕುದುರೆ ಕೊನೆಗೆ ಬಂದು ನಿಲ್ಲುವಾಗ ಬೋಲ್ಟು ತನ್ನ ಗುಳಿಯಲ್ಲಿ ಕೂತಿರಬೇಕು. ಆರೂ ಕೋಣೆಗೆ ಇದನ್ನು ಮಾಡಿ. ಪೂರ್ತಿ ಎತ್ತಿದ ಕುದುರೆಯನ್ನು ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿದಾಗ ಜಾರಿದರೆ ಒಳಗಿನ ಹಲ್ಲು ಸವೆದಿದೆ, ಅದನ್ನು ಬಿಟ್ಟುಬಿಡಿ. ಸಿಲಿಂಡರಿನ ಸುತ್ತ ಆಳವಾದ ಗೀರಿದ್ದರೆ ಬೋಲ್ಟು ಬೇಗ ಬೀಳುತ್ತಿದೆ. ಇದು ಸರಿಪಡಿಸಬಹುದಾದ ದೋಷ, ಬೆಲೆ ಇಳಿಸಿ ಕೇಳಬಹುದು. ನಿಪ್ಪಲ್ ಬಿಚ್ಚಲು ಒಪ್ಪದ ಮಾರಾಟಗಾರನಿಂದ ಕೊಳ್ಳಬೇಡಿ. ಕರಿಮದ್ದಿನ ಮಸಿ ತೇವ ಹೀರಿ, ಬಿಸಿನೀರಿನಲ್ಲಿ ತೊಳೆಯದೆ ಬಿಟ್ಟರೆ ಬೇಗನೆ ತುಕ್ಕು ತರುತ್ತದೆ, ಅದು ಮೊದಲು ಕೂರುವುದು ಆ ಮರೆಗಳಲ್ಲೇ.

ಕೋಲ್ಟ್ ಮಾದರಿಯಲ್ಲಿ ಸಿಲಿಂಡರಿನ ಮೇಲೆ ಪಟ್ಟಿ ಇಲ್ಲ. ನಳಿಗೆಯನ್ನು ಫ್ರೇಮಿಗೆ ಹಿಡಿದಿಡುವುದು ಮಧ್ಯದ ಆರ್ಬರ್ ಎಂಬ ಕಡ್ಡಿ ಮತ್ತು ಅಡ್ಡ ಬಡಿಯುವ ಬೆಣೆ. ಆರ್ಬರಿನ ತುದಿ ನಳಿಗೆಯ ತೂತಿನ ತಳಕ್ಕೆ ತಾಗಿ ನಿಲ್ಲಬೇಕು, ಅಸಲಿ ಕೋಲ್ಟ್ ಹಾಗೇ ಇತ್ತು. ಉಬೆರ್ತಿಯ ನಕಲುಗಳಲ್ಲಿ ಅದು ಗಿಡ್ಡವಾಗಿರುವುದು ಹಳೆಯ ದೂರು, ಈಚಿನ ಪಿಯೆಟ್ಟಾಗಳಲ್ಲಿ ಸಾಮಾನ್ಯವಾಗಿ ಸರಿಯಿರುತ್ತದೆ. ಗಿಡ್ಡವಿದ್ದರೆ ಬೆಣೆ ಬಡಿದಷ್ಟೂ ನಳಿಗೆ ಹಿಂದೆ ಸರಿದು ಸಿಲಿಂಡರ್ ಬಿಗಿಯಾಗುತ್ತದೆ, ಸಡಿಲ ಬಿಟ್ಟರೆ ಹೊಡೆದಾಗ ಅಲುಗಾಡಿ ಬೆಣೆ ಜಜ್ಜುತ್ತದೆ. ಪರೀಕ್ಷೆ ಸುಲಭ: ಬೆಣೆ, ನಳಿಗೆ, ಸಿಲಿಂಡರ್ ತೆಗೆದು, ನಳಿಗೆಯನ್ನು ಮಾತ್ರ ಓರೆಯಾಗಿ ತಿರುಗಿಸಿ ಆರ್ಬರಿನ ಮೇಲೆ ಪೂರ್ತಿ ತಳ್ಳಿ, ಫ್ರೇಮಿನ ಕಡೆಗೆ ತಿರುಗಿಸಿ. ನಳಿಗೆಯ ಕೆಳಗಿನ ಚಾಚು ಫ್ರೇಮಿನ ಮುಂದಿನ ಮುಖಕ್ಕೆ ನವಿರಾಗಿ ತಾಗಿದರೆ ಉದ್ದ ಸರಿಯಿದೆ. ಅದಕ್ಕೂ ಹಿಂದೆ ಹೋಗಿ ಫ್ರೇಮಿನ ಪಕ್ಕಕ್ಕೆ ಬಡಿದರೆ ಆರ್ಬರ್ ಗಿಡ್ಡ. ತೂತಿನ ತಳಕ್ಕೆ ಸರಿಯಾದ ದಪ್ಪದ ಉಕ್ಕಿನ ಬಿಲ್ಲೆ ಹಾಕಿ ಇದನ್ನು ಸರಿಪಡಿಸುತ್ತಾರೆ. ಎಲ್ಲ ಜೋಡಿಸಿದಾಗ ಸಿಲಿಂಡರಿಗೂ ನಳಿಗೆಗೂ ನಡುವೆ 0.006 ಇಂಚಿನ ಆಸುಪಾಸು ಸಂದಿ ಇದ್ದರೆ ಚೆನ್ನ.

ರೆಮಿಂಗ್ಟನ್‌ಗೆ ಮೇಲ್ಪಟ್ಟಿ ಇರುವುದರಿಂದ ಈ ತೊಂದರೆಯೇ ಇಲ್ಲ, ಸಿಲಿಂಡರ್ ಬಿಚ್ಚುವುದೂ ಸಲೀಸು. ಮೊದಲ ಸಲ ಕೊಳ್ಳುವವರಿಗೆ ನಮ್ಮ ಸಲಹೆ ಉಕ್ಕಿನ ಫ್ರೇಮಿನ ರೆಮಿಂಗ್ಟನ್ ನಕಲೇ. ಹಿತ್ತಾಳೆ ಫ್ರೇಮಿನದು ಗೋಡೆಗೆ ಚೆಂದ. ನಿತ್ಯ ಹೊಡೆದರೆ ಸಿಲಿಂಡರಿನ ಹಿಂದಿನ ಹಲ್ಲು ಹಿತ್ತಾಳೆಯಲ್ಲಿ ಅಚ್ಚೊತ್ತುತ್ತದೆ, ಕೋಲ್ಟ್ ಮಾದರಿಯಾದರೆ ಆರ್ಬರೂ ಸಡಿಲವಾಗುತ್ತದೆ. ಹಳೆಯದನ್ನು ಕೊಳ್ಳುವಾಗ ಸಿಲಿಂಡರ್ ತೆಗೆದು ಆ ಅಚ್ಚನ್ನು ನೋಡಿ, ಎಷ್ಟು ದುಡಿದಿದೆಯೆಂದು ತಿಳಿಯುತ್ತದೆ.

ಜೊತೆಗೆ ಕೊಳ್ಳುವ ಸಾಮಾನಿನಲ್ಲೂ ತಪ್ಪಾಗುತ್ತದೆ. .36ಕ್ಕೆ .375ರ ಗುಂಡು, .44ಕ್ಕೆ .451 ಅಥವಾ .454. ಒತ್ತುವಾಗ ಸೀಸದ ತೆಳುವಾದ ಬಳೆಯೊಂದು ಹೆರೆದು ಬಂದರೆ ಅಳತೆ ಸರಿ. ಬರದಿದ್ದರೆ ಪಕ್ಕದ ಕೋಣೆಗೆ ಕಿಡಿ ನುಗ್ಗಿ ಒಟ್ಟಿಗೆ ಎರಡು ಮೂರು ಸಿಡಿಯುವ ಅಪಾಯವಿದೆ. ಸಡಿಲವಾದ ಕೇಪು ಕಳಚಿ ಬಿದ್ದರೆ ಹಿಂದಿನಿಂದಲೂ ಅದೇ ಆಗಬಹುದು. ಆದ್ದರಿಂದ ಹತ್ತನೇ ಮತ್ತು ಹನ್ನೊಂದನೇ ನಂಬರಿನ ಕೇಪು ಒಂದೊಂದು ಡಬ್ಬಿ ತಂದು, ಯಾವುದು ನಿಪ್ಪಲಿಗೆ ಬಿಗಿಯಾಗಿ ಕೂರುತ್ತದೆಂದು ನೋಡಿಯೇ ಮುಂದುವರಿಯಬೇಕು. ಮದ್ದು ಮೂರು ಎಫ್ ಎಂಬ ನುಣುಪು ಕಾಳಿನ ಗಾತ್ರದ್ದು: .36ಕ್ಕೆ 20 ಗ್ರೇನ್, ಉಕ್ಕಿನ .44ಕ್ಕೆ 25ರಿಂದ 30, ಹಿತ್ತಾಳೆಯ .44ಕ್ಕೆ 20ರೊಳಗೆ. ಹೊಗೆಯಿಲ್ಲದ ಮದ್ದು ಒಂದು ಚಿಟಿಕೆಯೂ ಕೂಡದು, ಸಿಲಿಂಡರ್ ಒಡೆದು ಕೈಯೇ ಹೋಗಬಹುದು. ಕೇಪು, ಮದ್ದು ಸಿಗುತ್ತದೆಯೇ ಎಂಬುದನ್ನು ರಿವಾಲ್ವರಿಗಿಂತ ಮೊದಲೇ ವಿಚಾರಿಸಿಕೊಳ್ಳಿ. 2021ರಲ್ಲಿ ಅಮೆರಿಕದ ಪ್ರಮುಖ ಕರಿಮದ್ದು ಕಾರ್ಖಾನೆ ಗೋಯೆಕ್ಸ್ ಮುಚ್ಚುತ್ತದೆಂಬ ಘೋಷಣೆ ಬಂತು. ಮರುವರ್ಷ ಎಸ್ಟೆಸ್ ಕಂಪನಿ ಅದನ್ನು ಕೊಂಡು ಉಳಿಸಿತು.

ಫೆಡರಲ್ ವಿನಾಯಿತಿ ಇದೆಯೆಂದು ಎಲ್ಲೆಡೆಯೂ ಸಲೀಸಲ್ಲ. ಕನ್ನಡ ಕುಟುಂಬಗಳೂ ಸಾಕಷ್ಟಿರುವ ನ್ಯೂಜೆರ್ಸಿಯಲ್ಲಿ ನಕಲು ರಿವಾಲ್ವರಿಗೂ ಮಾಮೂಲಿ ಕೈಬಂದೂಕಿನಂತೆ ಪರವಾನಗಿ ಬೇಕು. ಬ್ರಿಟನ್ನಿನ 1997ರ ಕೈಬಂದೂಕು ನಿಷೇಧದಿಂದ ಬಾಯಿಂದ ತುಂಬುವವನ್ನು ಹೊರಗಿಟ್ಟಿದ್ದಾರೆ, ಆದರೆ ಪೊಲೀಸರು ಕೊಡುವ ಫೈರ್‌ಆರ್ಮ್ ಸರ್ಟಿಫಿಕೇಟು, ಕರಿಮದ್ದಿಗೆ ಬೇರೆ ಸರ್ಟಿಫಿಕೇಟು ಎರಡೂ ಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಗೆ ಕೇಪು, ತೋಟಾ ಎಂಬ ಭೇದವಿಲ್ಲ. ಸಿಡಿಮದ್ದಿನ ಬಲದಿಂದ ಗುಂಡು ಹಾರಿಸುವುದೆಲ್ಲ ಬಂದೂಕು, ಅದಕ್ಕೆ ಲೈಸೆನ್ಸ್ ಬೇಕು. 45ನೇ ಕಲಮಿನ ಸಿ ಉಪಕಲಮು ಹಳೆಯ ಮಾದರಿಯವಕ್ಕೆ ವಿನಾಯಿತಿ ಕೊಡುವುದು ರಿಪೇರಿ ಮಾಡಿದರೂ ಹೊಡೆಯಲಾಗದ ಸ್ಥಿತಿಯಲ್ಲಿದ್ದರೆ ಮಾತ್ರ. ಇಟಲಿಯ ಹೊಸ ನಕಲು ಆ ಸಾಲಿಗೆ ಸೇರುವುದಿಲ್ಲ. ಡಲ್ಲಾಸಿನ ಅಂಗಡಿಯಲ್ಲಿ ಕಾಗದಪತ್ರವಿಲ್ಲದೆ ಸಿಕ್ಕ ಅದೇ ರಿವಾಲ್ವರನ್ನು ಸೂಟ್‌ಕೇಸಿನಲ್ಲಿಟ್ಟು ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ತಂದರೆ ಅದು ಲೈಸೆನ್ಸಿಲ್ಲದ ಬಂದೂಕಿನ ಆಮದು. 10ನೇ ಕಲಮಿನ ಪ್ರಕಾರ ಅದಕ್ಕೆ ಮೊದಲೇ ಆಮದು ಲೈಸೆನ್ಸ್ ಪಡೆದಿರಬೇಕು.